41 ಪೀಸಿನ ಟರ್ಮಿನಲ್ ಕಿಟ್: ಎಣಿಸಿದರೆ 40, ಕೆಲಸಕ್ಕೆ ಬಂದದ್ದು 3 ಬಗೆ

ಗಾಡಿಯ ಕಪ್ಲರ್ (ವೈರುಗಳನ್ನು ಒಂದಕ್ಕೊಂದು ಜೋಡಿಸುವ ಪ್ಲಾಸ್ಟಿಕ್ ಕೊಂಡಿ), ಫ್ಯೂಸ್ ಬಾಕ್ಸ್‌ಗಳಿಂದ ವೈರಿನ ಟರ್ಮಿನಲ್, ಅಂದರೆ ತುದಿಯ ತಗಡಿನ ಗೂಡು, ಬಿಚ್ಚುವ ಹತಾರಗಳ ಕಿಟ್ ಇದು. ಆನ್‌ಲೈನ್‌ನಲ್ಲಿ 349 ರೂಪಾಯಿ ಕೊಟ್ಟು ತರಿಸಿದೆ. ಡಬ್ಬಿಯ ಮೇಲೆ 41 ಪೀಸು ಅಂತ ಬರೆದಿತ್ತು. ಎರಡು ಸಲ ಎಣಿಸಿದೆ, 40 ಇತ್ತು. ಅದರಲ್ಲಿ ನನ್ನ ಕೆಲಸಕ್ಕೆ ಬಂದದ್ದು ಮೂರು ಬಗೆ. ಆದರೂ ದುಡ್ಡು ದಂಡ ಆಯಿತು ಅಂತ ನನಗೆ ಅನಿಸಿಲ್ಲ. ಯಾಕೆ ಅಂತ ಹೇಳಬೇಕಾದರೆ ಜೀಪಿನಿಂದ ಶುರು ಮಾಡಬೇಕು.

ನಾವಿರುವುದು ಸಕಲೇಶಪುರದ ಹತ್ತಿರ. ಈ ಕಡೆ ತೋಟ ಅಂದರೆ ಜೀಪು ಇರಲೇಬೇಕು. ನಮ್ಮದು 1994ರ ಎಂಎಂ 540. ಇಂಜಿನ್ ಈಗಲೂ ಗಟ್ಟಿ, ಗೊಬ್ಬರದ ಮೂಟೆ ಹೇರಿಕೊಂಡು ಏರು ಹತ್ತುತ್ತದೆ. ವೈರಿಂಗ್ ಮಾತ್ರ ಕೇಳಬೇಡಿ. ಮೂವತ್ತು ವರ್ಷದಲ್ಲಿ ಎಷ್ಟು ಜನರ ಕೈ ಬಿದ್ದಿದೆಯೋ ಲೆಕ್ಕ ಇಲ್ಲ. ಡ್ಯಾಶ್‌ಬೋರ್ಡ್ ಕೆಳಗೆ ಕೈ ಹಾಕಿದರೆ ಅಕ್ಕಿ ಶ್ಯಾವಿಗೆ ಒತ್ತಿ ಬಿಟ್ಟ ಹಾಗೆ ವೈರ್ ಇಳಿಯುತ್ತದೆ. ಇದ್ದದ್ದು ಗಾಜಿನ ಫ್ಯೂಸಿನ ಒಂದು ಸಣ್ಣ ಡಬ್ಬಿ. ಅದರಲ್ಲಿ ಒಂದು ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ್ದರು. ಯಾರು ಸುತ್ತಿದರು ಅಂತ ಕೇಳಿದರೆ ಮನೆಯಲ್ಲಿ ಯಾರಿಗೂ ನೆನಪಿಲ್ಲ. ನಾನೇ ಇರಬಹುದು.

ಹೋದ ಜುಲೈನಲ್ಲಿ ಒಂದು ರಾತ್ರಿ ಹಾನುಬಾಳಿನ ಕಡೆಯಿಂದ ಮಳೆಯಲ್ಲಿ ಬರುತ್ತಿದ್ದೆ. ಹೈ ಬೀಮ್ ಹಾಕಿದ ಹತ್ತು ನಿಮಿಷಕ್ಕೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಸ್ವಿಚ್ ಮುಟ್ಟಿದರೆ ಬೆರಳು ಇಡಕ್ಕಾಗದಷ್ಟು ಬಿಸಿ. ಲೆಕ್ಕ ಸುಲಭ. ಹೈ ಬೀಮಿನಲ್ಲಿ ಒಂದು ಬಲ್ಬು 60 ವ್ಯಾಟ್, ಎರಡು ಬಲ್ಬಿಗೆ 120. 12 ವೋಲ್ಟಿನಲ್ಲಿ ಅದು 10 ಆಂಪಿಯರ್. ಆ ಹತ್ತು ಆಂಪಿಯರ್ ಪೂರ್ತಿ ಆ ಮುದಿ ಸ್ವಿಚ್ಚಿನ ಮೂಲಕವೇ ಹೋಗುತ್ತಿತ್ತು. ಮಧ್ಯೆ ಒಂದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್, ಇದ್ದರೆ ಸ್ವಿಚ್ಚಿಗೆ ಬರುವ ಕೆಲಸ ಕಾಲು ಆಂಪಿಯರ್‌ಗಿಂತ ಕಡಿಮೆ. ದಪ್ಪ ಕರೆಂಟು ಬ್ಯಾಟರಿಯಿಂದ ನೇರ ಫ್ಯೂಸ್, ರಿಲೇ, ಬಲ್ಬು ಅಂತ ಹೋಗುತ್ತದೆ. ಹಾಗಾಗಿ ಫ್ಯೂಸ್, ರಿಲೇ ಎರಡೂ ಕೂರುವ ಒಂದು ಒಳ್ಳೆ ಬಾಕ್ಸ್ ಬೇಕಾಯಿತು.

ಹೊಸ ಬಾಕ್ಸ್ ಸಿಗುವುದಿಲ್ಲವಾ ಅಂದರೆ ಸಿಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನೋಡಿದೆ. ನನ್ನ ಬಜೆಟ್ಟಿಗೆ ಸಿಕ್ಕಿದ್ದರಲ್ಲಿ ಫ್ಯೂಸಿನ ಕಾಲು ಹಿಡಿಯುವ ತಗಡು ತೆಳ್ಳಗಿತ್ತು, ರಿಲೇ ಕೂರಿಸಲು ಜಾಗ ಇರಲಿಲ್ಲ. ಕಂಪನಿ ಗಾಡಿಯಿಂದ ಬಿಚ್ಚಿದ ಬಾಕ್ಸ್ ಇದಕ್ಕಿಂತ ಎಷ್ಟೋ ಮೇಲು ಅಂತ ನಮ್ಮ ವೈರಿಂಗ್ ಮೇಸ್ತ್ರಿ ಮೊದಲೇ ಹೇಳಿದ್ದರು. ಅಲ್ಲಿಂದ ಸೀದಾ ಶಿವಾಜಿನಗರದ ಗುಜರಿಗೆ ಹೋದೆ.

ಆ ಗಲ್ಲಿಗಳಲ್ಲಿ ಸುಮ್ನೆ ಓಡಾಡುವುದೇ ಒಂದು ಖುಷಿ. ಬಾಗಿಲು ಒಂದು ಕಡೆ ರಾಶಿ, ಸ್ಟೀರಿಂಗ್ ಒಂದು ಕಡೆ. ಒಂದು ಅಂಗಡಿಯಲ್ಲಿ ಗಾಡಿಯಿಂದ ಇಡಿಯಾಗಿ ಬಿಚ್ಚಿದ ವೈರಿನ ಕಟ್ಟುಗಳನ್ನು, ಅಂದರೆ ವೈರಿಂಗ್ ಹಾರ್ನೆಸ್‌ಗಳನ್ನು ಕುರಿ ಕಟ್ಟಿದ ಹಾಗೆ ಕಂಬಕ್ಕೆ ಕಟ್ಟಿದ್ದರು. ಫ್ಯೂಸ್ ಬಾಕ್ಸ್ ಬೇಕು ಅಂದೆ. "ಯಾವ ಗಾಡಿಗೆ ಸಾರ್?" "ಜೀಪಿಗೆ." ಆತ ನಕ್ಕು ಒಂದು ಗೋಣಿಚೀಲ ತಂದು ನೆಲಕ್ಕೆ ಸುರಿದ. ಅದರಲ್ಲಿ ನನಗೆ ಹಿಡಿಸಿದ್ದು ಎಂಟು ದೊಡ್ಡ ಫ್ಯೂಸ್, ಆರು ಮಿನಿ ಫ್ಯೂಸ್, ನಾಲ್ಕು ರಿಲೇ ಕೂರುವ ಒಂದು ಕಪ್ಪು ಬಾಕ್ಸ್. ಮುಚ್ಚಳ ಇರಲಿಲ್ಲ. ಯಾವ ಕಾರಿನದು ಅಂತ ಆತನಿಗೂ ಗೊತ್ತಿಲ್ಲ. ಇನ್ನೊಂದು ಚೀಲದಿಂದ ಯಾವುದೋ ಮುಚ್ಚಳ ಹುಡುಕಿ ಗುದ್ದಿ ಕೂರಿಸಿಕೊಟ್ಟ. ಮುಚ್ಚಳದ ಒಳಗಿನ ಚಿತ್ರದ ಪ್ರಕಾರ ನನ್ನ ಜೀಪಿನಲ್ಲಿ ಈಗ ಎ.ಸಿ., ಪವರ್ ವಿಂಡೋ, ಸನ್‌ರೂಫ್ ಎಲ್ಲ ಇವೆ. ಏಳುನೂರು ಅಂದ, ಐನೂರಕ್ಕೆ ಬಂತು.

ಗುಜರಿಯಿಂದ ತರುವವರಿಗೆ ಎರಡು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬಾಕ್ಸ್ ತಿರುಗಿಸಿ ಬೆನ್ನು ನೋಡಿ. ಒಂದೊಂದು ತೂತಿಗೂ ಒಂದೊಂದು ವೈರ್ ಬಿಡಿಬಿಡಿಯಾಗಿ ಹೋಗಿದ್ದರೆ ಅದು ಬಿಚ್ಚಿ ಮತ್ತೆ ಬೇಕಾದ ಹಾಗೆ ಜೋಡಿಸಬಹುದಾದ ಬಾಕ್ಸ್. ಬೆನ್ನಿಗೆ ನಾಲ್ಕೈದು ದೊಡ್ಡ ಕಪ್ಲರ್ ಮಾತ್ರ ಚುಚ್ಚಿದ್ದರೆ ಒಳಗೆ ಬೋರ್ಡೋ ತಗಡಿನ ಪಟ್ಟಿಗಳೋ ಇರುತ್ತವೆ, ದಾರಿ ಬದಲಿಸಕ್ಕಾಗಲ್ಲ. ಅದನ್ನು ಬಿಡಿ. ಇನ್ನೊಂದು, ವೈರನ್ನು ಬುಡಕ್ಕೇ ಕತ್ತರಿಸಲು ಬಿಡಬೇಡಿ. ನನ್ನ ಬಾಕ್ಸಿನ ವೈರನ್ನು ಆತ ಮೊದಲೇ ಒಂದು ಗೇಣಿಗೆ ಕತ್ತರಿಸಿ ಇಟ್ಟಿದ್ದ. ಒಂದು ಮೊಳ ಇದ್ದಿದ್ದರೆ ಆಮೇಲೆ ನನ್ನ ಅರ್ಧ ಕೆಲಸ ಉಳಿಯುತ್ತಿತ್ತು.

ಈಗ ಟರ್ಮಿನಲ್ ವಿಷಯ. ವೈರಿನ ತುದಿಗೆ ಒತ್ತಿ ಕೂರಿಸಿದ ಸಣ್ಣ ತಗಡಿನ ಗೂಡು ಅದು. ಫ್ಯೂಸಿನ ಕಾಲು ಇದರ ಬಾಯಿಗೆ ಬಂದು ಕೂರುತ್ತದೆ. ಬಾಕ್ಸಿನ ಬೆನ್ನಿನಿಂದ ತೂತಿಗೆ ತಳ್ಳಿದರೆ ಟಿಕ್ ಅಂತ ಶಬ್ದ ಬರುತ್ತದೆ, ಆಮೇಲೆ ಎಷ್ಟು ಎಳೆದರೂ ವಾಪಸ್ ಬರಲ್ಲ. ಮೀನಿನ ಗಾಳಕ್ಕೆ ಹಿಂದೆ ತಿರುಗಿದ ಒಂದು ಸಣ್ಣ ಮುಳ್ಳು ಇರುತ್ತದಲ್ಲ, ಹಾಗೆ. ಆ ಮುಳ್ಳನ್ನು ಎದುರಿನಿಂದ ಒತ್ತಿ ಹಿಡಿದು ಹಿಂದಿನಿಂದ ವೈರ್ ಎಳೆಯುವುದು, ಇಷ್ಟೇ ಇಡೀ ಕೆಲಸ. ಕೇಳಲು ಐದು ನಿಮಿಷದ ಕೆಲಸ.

ನಮ್ಮ ಮೇಸ್ತ್ರಿ ಇದಕ್ಕೆ ಛತ್ರಿ ಕಡ್ಡಿ ಬಳಸುತ್ತಾರೆ. ಹಳೆ ಛತ್ರಿಯ ಕಡ್ಡಿಯ ತುದಿಯನ್ನು ಅರದಲ್ಲಿ ಉಜ್ಜಿ ಚಪ್ಪಟೆ ಮಾಡಿ, ಇನ್ನೊಂದು ತುದಿಗೆ ಸೈಕಲ್ ಟ್ಯೂಬ್ ಸುತ್ತಿ ಹಿಡಿ ಮಾಡಿಕೊಂಡಿದ್ದಾರೆ. ನಮ್ಮೂರಲ್ಲಿ ಮುರಿದ ಛತ್ರಿಗೆ ಬರವಾ? ಬಾಕ್ಸ್ ತೋರಿಸಿದೆ. ಎರಡು ಟರ್ಮಿನಲ್ ಕಣ್ಣು ಮುಚ್ಚಿ ತೆಗೆಯುವಷ್ಟು ಸಲೀಸಾಗಿ ತೆಗೆದರು. "ಉಳಿದದ್ದು ನೀವೇ ಮಾಡ್ಕಳಿ ಅಣ್ಣ, ನಂಗೆ ನಾಟಿ ಮುಗಿಯೋವರೆಗೆ ಟಿಲ್ಲರ್ ಕೆಲ್ಸ ಮೈಮೇಲಿದೆ" ಅಂದರು. ಕಡ್ಡಿ ಕೊಡಿ ಅಂದೆ. ಕೊಡಲಿಲ್ಲ. ಅದಕ್ಕೇ ಈ ಕಿಟ್ ತರಿಸಿದ್ದು.

ಕಿಟ್ ಬಂದದ್ದು ಐದನೇ ದಿನ. ಒಂದು ತೆಳು ಪ್ಲಾಸ್ಟಿಕ್ ಡಬ್ಬಿ, ಒಳಗೆ ಸ್ಪಂಜು. ಕೆಲವಕ್ಕೆ ನೀಲಿ ಹಿಡಿ ಇದೆ, ಜಾಸ್ತಿ ಪೀಸುಗಳಿಗೆ ಹಿಡಿ ಇಲ್ಲ. ಬೀಗದ ಕೈಗೊಂಚಲಿನ ಹಾಗೆ ಒಂದು ಬಳೆಗೆ ಪೋಣಿಸಿದ್ದಾರೆ. ಒಂದು ಕೊಂಬಿನವು, ಎರಡು ಕೊಂಬಿನವು, ಗುಂಡು ಪಿನ್ನಿಗೆ ಕೊಳವೆಯಂಥವು. ಎರಡು ಪೀಸು ಪಕ್ಕದಲ್ಲಿಟ್ಟು ವರ್ನಿಯರ್‌ನಲ್ಲಿ ಅಳೆದೆ, ಅಗಲ ದಪ್ಪ ಎರಡೂ ಒಂದೇ. ಅಂದರೆ 39 ಬಗೆ. ಯಾವ ಪೀಸು ಯಾವುದಕ್ಕೆ ಅಂತ ಒಂದು ಚೀಟಿಯೂ ಇಲ್ಲ. ಇದು ನನ್ನ ದೊಡ್ಡ ತಕರಾರು. ಟರ್ಮಿನಲ್ ಮಾಡುವ ದೊಡ್ಡ ಕಂಪನಿಗಳು ಟರ್ಮಿನಲ್ಲಿನ ಅಳತೆಗೇ ಹೆಸರು ಇಟ್ಟಿರುತ್ತಾರೆ. ಮೆಟ್ರಿ-ಪ್ಯಾಕ್ ಅಂತ ಒಂದು ಜಾತಿಯ ಟರ್ಮಿನಲ್ ಇದೆ, ಅದರಲ್ಲಿ 280 ಅಂದರೆ ಒಳಗೆ ಹೋಗುವ ಪಟ್ಟಿಯ ಅಗಲ 2.8 ಮಿ.ಮೀ., 630 ಅಂದರೆ 6.3. ಯಾವುದಕ್ಕೆ ಯಾವ ಹತಾರ ಅಂತ ಅವರು ನಂಬರ್ ಸಮೇತ ಹೇಳುತ್ತಾರೆ. ಇಲ್ಲಿ ಹಿಡಿಯ ಮೇಲೆ ಒಂದು ಅಂಕಿಯನ್ನಾದರೂ ಒತ್ತಿದ್ದರೆ ಏನು ಗಂಟು ಹೋಗುತ್ತಿತ್ತು?

ಒಂದು ಪೀಸು ಕಡಿಮೆ ಇದೆ ಅಂತ ಮಾರಿದವರಿಗೆ ಬರೆದೆ. ಫೋಟೋ ಕಳಿಸಿ ಅಂದರು. ಇಲ್ಲದ ಪೀಸಿನ ಫೋಟೋ ಹೇಗೆ ತೆಗೆಯುವುದು ಅಂತ ಮಗಳು ಕೇಳಿದಳು. ಅಲ್ಲಿಗೆ ಬಿಟ್ಟೆ.

ಮೊದಲ ಭಾನುವಾರ ಜಗಲಿಯಲ್ಲಿ ಬಟ್ಟೆ ಹಾಸಿಕೊಂಡು ಕೂತೆ. ನನ್ನ ಲೆಕ್ಕಕ್ಕೆ ಬಿಚ್ಚಬೇಕಾದದ್ದು 38 ಟರ್ಮಿನಲ್. ದಪ್ಪ ಕೆಂಪು ವೈರೊಂದು ಬೋಲ್ಟಿಗೆ ಇತ್ತು, ಅದು 10ರ ಸ್ಪ್ಯಾನರಿಗೆ ಬಿಚ್ಚಿಕೊಂಡಿತು. ಉಳಿದವಕ್ಕೆ ಕೈ ಹಾಕುವ ಮುಂಚೆ ಫೋನಿನಲ್ಲಿ ಎರಡೂ ಕಡೆ ಫೋಟೋ ತೆಗೆದು, ಫ್ಯೂಸ್ ಎಲ್ಲ ಕಿತ್ತು ಒಂದು ಲೋಟಕ್ಕೆ ಹಾಕಿದೆ. ಕೆಂಪು 10, ನೀಲಿ 15, ಹಳದಿ 20, ಹಸಿರು 30. ಬಣ್ಣ ನೋಡಿಯೇ ಹೇಳಬಹುದು. ಆ ಪುಟ್ಟ ಪ್ಲಾಸ್ಟಿಕ್ ಫ್ಯೂಸಿನ ಈ ಒಂದು ಗುಣಕ್ಕೇ ಗಾಜಿನ ಫ್ಯೂಸ್ ಬಿಟ್ಟುಬಿಡಬಹುದು.

ಮೊದಲ ಒಂದು ಗಂಟೆ ನಾನು ಮಾಡಿದ್ದು ಪೂರ್ತಿ ತಪ್ಪು. ಫ್ಯೂಸಿನ ಕಾಲು ಹೋಗುವ ಬಾಯಿಗೇ ಹತಾರ ತುರುಕಿ ಅಲ್ಲಾಡಿಸಿದೆ. ಯಾವುದೂ ಬರಲಿಲ್ಲ. ಬರುವುದಾದರೂ ಹೇಗೆ? ಆ ಬಾಯಿಯ ಒಳಗೆ ಇರುವುದು ಫ್ಯೂಸನ್ನು ಬಿಗಿ ಹಿಡಿಯುವ ಸ್ಪ್ರಿಂಗ್ ತಗಡು. ಅದನ್ನು ಅಗಲಿಸಿದರೆ ಹಿಡಿತ ಹೋಗುತ್ತದೆ. ಹಿಡಿತ ಹೋದ ಕಡೆ ಬಿಸಿಯಾಗುತ್ತದೆ. ಅಂದರೆ ಸ್ವಿಚ್ಚಿನ ಬಿಸಿ ತಪ್ಪಿಸಲು ಹೋಗಿ ಬಾಕ್ಸಿನೊಳಗೆ ಅದೇ ಬಿಸಿಯನ್ನು ನಾನೇ ತಂದು ಇಡುತ್ತಿದ್ದೆ. ಹೀಗೆ ಎರಡು ಟರ್ಮಿನಲ್ ಹಾಳಾದವು.

ಮಗಳು ಇಂಜಿನಿಯರಿಂಗ್ ಓದುತ್ತಾಳೆ, ರಜಕ್ಕೆ ಬಂದಿದ್ದಳು. "ಅಪ್ಪಾ, ಸ್ವಲ್ಪ ತಡಿ" ಅಂತ ಫೋನಿನ ಕ್ಯಾಮರಾ ಜೂಮ್ ಮಾಡಿ, ಟಾರ್ಚ್ ಓರೆಯಾಗಿ ಹಿಡಿದು ತೋರಿಸಿದಳು. ಪ್ರತಿ ಬಾಯಿಯ ಪಕ್ಕದಲ್ಲೂ ಕೂದಲೆಳೆಯಷ್ಟು ಸಣ್ಣ ಇನ್ನೊಂದು ಸೀಳು ಇತ್ತು. ದೊಡ್ಡ ಟರ್ಮಿನಲ್ಲಿಗೆ ಎರಡು ಬದಿಗೂ ಒಂದೊಂದು, ಮಿನಿಗೆ ಒಂದೇ ಬದಿಗೆ. ಹತಾರ ಹೋಗಬೇಕಾದದ್ದು ಅಲ್ಲಿಗೆ. ನನ್ನ ಕನ್ನಡಕಕ್ಕೆ ಅದು ಕಂಡೇ ಇರಲಿಲ್ಲ. ಮೇಸ್ತ್ರಿ ಬೆರಳಲ್ಲೇ ಹುಡುಕಿದ್ದರು ಅಂತ ಕಾಣುತ್ತದೆ.

ಅದಕ್ಕೂ ಮುಂಚೆ ಇನ್ನೊಂದು ಇದೆ. ಬಾಕ್ಸಿನ ಬದಿಯಲ್ಲಿ ಬಿಳಿ ಪ್ಲಾಸ್ಟಿಕ್ಕಿನ ಬಾಚಣಿಗೆಯಂಥ ಒಂದು ಪಟ್ಟಿ. ನಾನು ಅದನ್ನು ಅಲಂಕಾರ ಅಂದುಕೊಂಡಿದ್ದೆ. ಅದು ಎರಡನೇ ಲಾಕ್. ಒಂದು ಸಾಲಿನ ಎಲ್ಲ ಟರ್ಮಿನಲ್‌ಗಳ ಹಿಂದೆ ಅಡ್ಡ ನಿಂತಿರುತ್ತದೆ. ಅದನ್ನು ಎರಡು ಮೂರು ಮಿ.ಮೀ. ಹೊರಗೆ ಎಳೆಯದೆ ಮುಳ್ಳನ್ನು ಎಷ್ಟು ಒತ್ತಿದರೂ ಉಪಯೋಗ ಇಲ್ಲ. ಪೂರ್ತಿ ಕೀಳುವುದೂ ಬೇಡ, ವಾಪಸ್ ಕೂರಿಸುವಾಗ ಹಲ್ಲು ಮುರಿಯುತ್ತದೆ.

ಇಷ್ಟು ಗೊತ್ತಾದ ಮೇಲೆ ಕೆಲಸ ಹೇಗೆ ಬದಲಾಯಿತು ಅಂದರೆ, ಮಾಡಿಯೇ ನೋಡಬೇಕು. ನೀಲಿ ಹಿಡಿಯ ಎರಡು ಕೊಂಬಿನ ಪೀಸು ತೆಗೆದುಕೊಂಡೆ. ಮೊದಲು ಹಿಂದಿನಿಂದ ವೈರನ್ನು ಒಳಕ್ಕೆ ತಳ್ಳಿದೆ, ಎಳೆಯುವುದಲ್ಲ. ಮುಳ್ಳು ಪ್ಲಾಸ್ಟಿಕ್ಕಿನ ಮೆಟ್ಟಿಲಿಗೆ ಒರಗಿ ಕೂತಿರುತ್ತದೆ, ಆ ಭಾರ ಇಳಿಯಬೇಕು. ಕೊಂಬು ಎರಡನ್ನೂ ಸೀಳಿಗೆ ನೇರ ಇಳಿಸಿದೆ. ಅರ್ಧ ಇಂಚಿನ ಹತ್ತಿರ ಹೋದಾಗ ಬೆರಳಿಗೆ ಒಂದು ಮೆತ್ತನೆ ತಡೆ ಸಿಕ್ಕಿತು. ಇನ್ನು ಸ್ವಲ್ಪ ಒತ್ತಿದೆ, ತಡೆ ಜಾರಿತು. ಎಡಗೈಯಲ್ಲಿ ವೈರ್ ಹಿಡಿದು ಸುಮ್ನೆ ಹಿಂದಕ್ಕೆ ತಂದೆ. ತಂದೆ ಅಷ್ಟೆ, ಎಳೆಯಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಕೈಯಲ್ಲಿ ನೋಡಿದರೆ ತವರ ಲೇಪದ ಸಣ್ಣ ಗೂಡು, ಎರಡೂ ಕೆನ್ನೆಯಲ್ಲಿ ಒಂದೊಂದು ನಾಲಿಗೆ, ಒತ್ತಿಸಿಕೊಂಡು ಒಳಗೆ ಮಡಚಿಕೊಂಡಿದೆ. ಬಲ ಹಾಕಬೇಕು ಅನಿಸಿದರೆ ಲಾಕ್ ಇನ್ನೂ ಬಿಟ್ಟಿಲ್ಲ ಅಂತ ಅರ್ಥ. ನಿಲ್ಲಿಸಿ, ಮತ್ತೆ ತಳ್ಳಿ, ಮತ್ತೆ ಕೊಂಬು ಇಳಿಸಿ.

ಈ ಎರಡು ಕೊಂಬಿನ ಪೀಸಿಗಾಗಿಯೇ ಕಿಟ್ಟಿಗೆ ದುಡ್ಡು ಕೊಡಬಹುದು. ಛತ್ರಿ ಕಡ್ಡಿಯಲ್ಲಿ ಒಂದು ಸಲಕ್ಕೆ ಒಂದೇ ಬದಿ ಒತ್ತಬಹುದು. ಒಂದು ಒತ್ತಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೊದಲನೆಯದು ಮತ್ತೆ ಕಚ್ಚಿಕೊಂಡಿರುತ್ತದೆ. ಮೇಸ್ತ್ರಿಗೆ ಅದರ ಉಪಾಯ ಗೊತ್ತು, ನನಗೆ ಗೊತ್ತಿಲ್ಲ. ಮಿನಿ ಫ್ಯೂಸಿನ ಹನ್ನೆರಡಕ್ಕೆ ಒಂದು ಕೊಂಬಿನ ತೆಳು ಪೀಸು ಸಾಕಾಯಿತು. ಅದು ಬಳೆಗೆ ಪೋಣಿಸಿದ ಜಾತಿ, ಹಿಡಿ ಇಲ್ಲ. ಏಳನೆಯದಕ್ಕೆ ಬರುವಷ್ಟರಲ್ಲಿ ಹೆಬ್ಬೆರಳಿಗೆ ಗುಳಿ ಬಿದ್ದಿತ್ತು. ಮೇಸ್ತ್ರಿಯಿಂದ ಕಲಿತ ಹಾಗೆ ಸೈಕಲ್ ಟ್ಯೂಬ್ ಸುತ್ತಿಕೊಂಡೆ. ಒಂಬತ್ತನೆಯದಕ್ಕೆ ತುದಿ ಬಗ್ಗಿತು. ಇಕ್ಕಳದಲ್ಲಿ ನೇರ ಮಾಡಿದೆ, ಮತ್ತೆ ಬಗ್ಗಿತು. ಸ್ಟೀಲ್ ಅಂತ ಬರೆದಿದ್ದಾರೆ, ನಿಜ, ಸ್ಟೀಲೇ. ಆದರೆ ಹದ ಕೊಟ್ಟ ಸ್ಟೀಲಲ್ಲ. ಛತ್ರಿ ಕಡ್ಡಿ ಬಗ್ಗಿದರೂ ತಿರುಗಿ ನೆಟ್ಟಗಾಗುತ್ತದೆ, ಇದು ಬಗ್ಗಿದ್ದು ಬಗ್ಗಿದ ಹಾಗೇ. ಒಂದೇ ಅಳತೆಯ ಎರಡು ಪೀಸು ಇದ್ದವು ಅಂದೆನಲ್ಲ, ಅದು ಇದೇ ಅಳತೆ. ಉಳಿದ ಮೂರಕ್ಕೆ ಆ ಎರಡನೆಯದೇ ಗತಿ. ಬೈದಿದ್ದಕ್ಕೆ ನಾಚಿಕೆಯಾಯಿತು.

ರಿಲೇ ಸೀಟಿನ ಹದಿನಾರರಲ್ಲಿ ಕತೆ ಬೇರೆ. ಅಲ್ಲಿ ಮುಳ್ಳು ಟರ್ಮಿನಲ್ಲಿನಲ್ಲಿ ಇಲ್ಲ, ಬಾಕ್ಸಿನಲ್ಲೇ ಇದೆ. ಪ್ಲಾಸ್ಟಿಕ್ಕಿನ ಒಂದು ಸಣ್ಣ ಬೆರಳು ಟರ್ಮಿನಲ್ಲಿನ ಬೆನ್ನ ಮೇಲಿನ ತೂತಿಗೆ ಕೊಕ್ಕೆ ಹಾಕಿ ಕೂತಿರುತ್ತದೆ. ಇದನ್ನು ಒತ್ತುವುದಲ್ಲ, ಎತ್ತುವುದು. ಕಿಟ್ಟಿನಲ್ಲಿ ತುದಿ ಕೊಂಚ ಬಾಗಿದ ಅಗಲದ ಪೀಸೊಂದು ಇದೆ, ಅದು ಸರಿಹೋಯಿತು. ಎಷ್ಟು ಎತ್ತಬೇಕು? ಅರ್ಧ ಮಿ.ಮೀ. ಮೇಲೆ ಬೇಡ. ನಾನು ಎರಡನೆಯದಕ್ಕೇ ಜಾಸ್ತಿ ಎತ್ತಿದೆ. ಪಟ್ ಅಂತು. ಬೆರಳು ಮುರಿದು ನನ್ನ ಮೂಗಿನ ಹತ್ತಿರ ಹಾರಿತು. ಟರ್ಮಿನಲ್ ಸಲೀಸಾಗಿ ಬಂತು, ಆದರೆ ಆ ತೂತಿಗೆ ಇನ್ನು ಲಾಕ್ ಇಲ್ಲ. ಇನ್ನು ಮೇಲೆ ಅಲ್ಲಿಗೆ ಏನು ಕೂರಿಸಿದರೂ ಹಿಂದಿನ ಬಿಳಿ ಬಾಚಣಿಗೆಯೇ ಹಿಡಿದುಕೊಳ್ಳಬೇಕು.

ಆವತ್ತಿಗೆ ನಿಲ್ಲಿಸಿದೆ. ಸಂಜೆ ಫೋನ್ ಮಾಡಿದರೆ ಮೇಸ್ತ್ರಿ, "ಎಂಥ ಮಾರಾಯ್ರೆ, ಒಣಗಿದ ಬಾಕ್ಸಿಗೇ ಕೈ ಹಾಕಿದ್ರಾ? ಬಿಸಿನೀರಲ್ಲಿ ನೆನೆಸಿ" ಅಂದರು. ಈ ಬಾಕ್ಸ್‌ಗಳು ಸಾಮಾನ್ಯವಾಗಿ ನೈಲಾನ್. ವರ್ಷಗಟ್ಟಲೆ ಇಂಜಿನ್ ಶಾಖಕ್ಕೆ ಒಣಗಿ ಗರಿಗರಿಯಾಗಿರುತ್ತವೆ. ನೈಲಾನಿಗೆ ನೀರು ಕುಡಿಯುವ ಗುಣ ಇದೆ. ಸ್ವಲ್ಪ ನೀರು ಕುಡಿದ ನೈಲಾನ್ ಬಗ್ಗುತ್ತದೆ, ಒಣಗಿದ್ದು ಮುರಿಯುತ್ತದೆ. ನಮ್ಮ ಬಚ್ಚಲಿನಲ್ಲಿ ಹಂಡೆ ಯಾವತ್ತೂ ಬಿಸಿ. ಒಂದು ಬಕೆಟ್ಟಿಗೆ ಬಿಸಿನೀರು ಹೊಯ್ದು ಬಾಕ್ಸನ್ನು ಮುಳುಗಿಸಿ ಮೇಲೆ ಕಲ್ಲು ಇಟ್ಟೆ. ನನ್ನ ಹೆಂಡತಿ ಬಂದು ನೋಡಿ, "ಇದಕ್ಕೂ ಅಭ್ಯಂಜನವಾ?" ಅಂದಳು. ರಾತ್ರಿಯಿಡೀ ಅಲ್ಲೇ ಇತ್ತು. ಮಾರನೇ ಬೆಳಿಗ್ಗೆ ನೀರು ಒದರಿ, ಕೆಲಸ ಶುರು ಮಾಡುವ ಮುಂಚೆ ಮತ್ತೆ ಕಾಲು ಗಂಟೆ ಬಿಸಿನೀರು. ಉಳಿದ ಹದಿನಾಲ್ಕು ಬೆರಳಿನಲ್ಲಿ ಒಂದೂ ಮುರಿಯಲಿಲ್ಲ. ಈ ವಿಷಯ ಕಿಟ್ಟಿನ ಡಬ್ಬಿಯ ಮೇಲೆ ಬರೆಯಬೇಕಿತ್ತು ಅಂತ ನನ್ನ ಅಭಿಪ್ರಾಯ. 41 ಅಂತ ಬರೆದ ಜಾಗದಲ್ಲಿ ಬರೆಯಬಹುದಿತ್ತು.

ಒಂದು ಮೂರ್ಖತನವನ್ನೂ ಹೇಳಿಬಿಡುತ್ತೇನೆ. ದೊಡ್ಡ ಫ್ಯೂಸಿನ ಒಂದು ಸಾಲಿನಲ್ಲಿ ಆರು ಬಾಯಿಗಳ ಜೊತೆ ಅರ್ಧ ಗಂಟೆ ಗುದ್ದಾಡಿದೆ. ಎರಡೂ ಕೊಂಬು ಇಳಿಯುತ್ತಲೇ ಇಲ್ಲ, ಸೀಳೇ ಇಲ್ಲ. ಬಾಕ್ಸ್ ತಿರುಗಿಸಿದಾಗ ತಿಳಿಯಿತು, ಅಲ್ಲಿ ವೈರೇ ಇಲ್ಲ. ಆರಕ್ಕೂ ಸೇರಿ ಒಳಗೆ ಒಂದೇ ಪಟ್ಟಿ, ಆ ಬೋಲ್ಟಿನಿಂದ ಬಂದ ಕರೆಂಟು ಅದರಲ್ಲಿ ಹರಡಿಕೊಳ್ಳುತ್ತದೆ. ನನಗೆ ಬೇಕಾದದ್ದೂ ಅದೇ! ಬ್ಯಾಟರಿಯಿಂದ ಒಂದು ದಪ್ಪ ವೈರ್ ತಂದು ಬೋಲ್ಟಿಗೆ ಕಟ್ಟಿದರೆ ಆರು ಫ್ಯೂಸಿಗೆ ಸಪ್ಲೈ ತಯಾರು. ಅಷ್ಟರಲ್ಲಿ ಆ ಪಟ್ಟಿಯ ಬಾಯಿಗಳ ಮೇಲೆ ಗೀರು ಬಿದ್ದಿದ್ದವು, ಪುಣ್ಯಕ್ಕೆ ಹಿಡಿತ ಹೋಗಿರಲಿಲ್ಲ.

ಒಟ್ಟು 38ರಲ್ಲಿ 35 ಸರಿಯಾಗಿ ಬಂದವು. ಎರಡು ನನ್ನ ಮೊದಲ ಗಂಟೆಗೆ ಬಲಿ. ಒಂದು ಮೊದಲೇ ಸುಟ್ಟು ನೀಲಿ ತಿರುಗಿತ್ತು, ಅದರ ಸುತ್ತಲಿನ ಪ್ಲಾಸ್ಟಿಕ್ಕೂ ಕರಗಿತ್ತು. ಅದನ್ನು ಅಲ್ಲೇ ಬಿಟ್ಟು ಆ ಬಾಯಿಗೆ ಎಂ-ಸೀಲ್ ಹಚ್ಚಿ ಮುಚ್ಚಿದೆ, ಮುಂದೆ ಯಾರೂ ಮರೆತು ಫ್ಯೂಸ್ ಹಾಕಬಾರದು ಅಂತ.

ಬಂದ ಟರ್ಮಿನಲ್‌ಗಳನ್ನು ಹಾಗೇ ವಾಪಸ್ ತಳ್ಳಬೇಡಿ. ಮಡಚಿಕೊಂಡ ನಾಲಿಗೆಯನ್ನು ಚಾಕುವಿನ ತುದಿಯಲ್ಲಿ ಹಗುರಾಗಿ ಹೊರಕ್ಕೆ ಎತ್ತಬೇಕು, ಇಲ್ಲದಿದ್ದರೆ ಟಿಕ್ ಅನ್ನಲ್ಲ. ಒಂದೇ ಸಲ ಎತ್ತಬೇಕು, ನಾಲ್ಕು ಸಲ ಬಗ್ಗಿಸಿದರೆ ಕಿತ್ತು ಬರುತ್ತದೆ. ಬಾಯಿಗೆ ಒಂದು ಬಿಡಿ ಫ್ಯೂಸ್ ಹಾಕಿ ತೆಗೆದು ನೋಡಿ. ಬಿಗಿ ಇರಬೇಕು. ಜೋಲಿಯಾಗಿದ್ದರೆ ಹೆಡ್‌ಲೈಟಿಗೆ ಬೇಡ, ಒಳಗಿನ ಪುಟ್ಟ ದೀಪಕ್ಕೂ ಬೇಡ, ಎಸೆಯಿರಿ. ನಮ್ಮ ಕಡೆ ಮಳೆಗೆ ತಾಮ್ರಕ್ಕೆ ಹಸಿರು ಕಿಲುಬು ಬಹಳ ಬೇಗ ಕಟ್ಟುತ್ತದೆ. ಕಿಲುಬು ಕಂಡರೆ ಉಪ್ಪುಕಾಗದ ಹಾಕಿ ಉಜ್ಜಬೇಡಿ, ತವರ ಲೇಪ ಹೋಗಿ ಮುಂದಿನ ಮಳೆಗಾಲಕ್ಕೆ ಇನ್ನೂ ಹಸಿರಾಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹಳೆ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿದರೆ ಸಾಕು. ಕೂರಿಸಿದ ಮೇಲೆ ವೈರನ್ನು ಒಂದು ಸಲ ಎಳೆದು ನೋಡಿ. ಗೇಣುದ್ದದ ವೈರಿಗೆ ಜೀಪಿನ ವೈರ್ ಸೇರಿಸಲೇಬೇಕಾಯಿತು. ಜಾಯಿಂಟ್ ಎಲ್ಲ ಬಾಕ್ಸಿನ ಹೊರಗೆ, ಒಂದರ ಪಕ್ಕ ಒಂದು ಬರದ ಹಾಗೆ ಹಿಂದೆ ಮುಂದೆ ಮಾಡಿ ಹಾಕಿದೆ. ಹೆಡ್‌ಲೈಟಿಗೆ 2 ಚದರ ಮಿ.ಮೀ. ವೈರ್, 15ರ ನೀಲಿ ಫ್ಯೂಸ್.

ಈಗ ಹೈ ಬೀಮ್ ಹಾಕಿ ಎಷ್ಟು ಹೊತ್ತಾದರೂ ಸ್ವಿಚ್ ತಣ್ಣಗಿರುತ್ತದೆ. ಬೆಳಕು ಕೂಡ ಬಿಳಿಯಾಗಿದೆ. ಮೊದಲು ಮಂಕು ಹಳದಿ ಇತ್ತು, ನಾನು ಬಲ್ಬು ಹಳತು ಅಂದುಕೊಂಡಿದ್ದೆ. ಬಲ್ಬು ಅದೇ.

ಕಿಟ್ಟಿಗೆ ಐದಕ್ಕೆ ಮೂರು ಕೊಡುತ್ತೇನೆ. ಎರಡು ಕೊಂಬಿನ ಪೀಸು ಇಲ್ಲದಿದ್ದರೆ ಒಂದು ಕೊಡುತ್ತಿದ್ದೆ. ದಿನಾ ಇದೇ ಕೆಲಸ ಮಾಡುವವರು ಇದನ್ನು ತರಿಸಬೇಡಿ, ತಿಂಗಳಿಗೆ ಎಲ್ಲ ಬಗ್ಗಿಹೋಗುತ್ತದೆ. ನನ್ನ ಹಾಗೆ ಒಂದು ಬಾಕ್ಸ್, ಹೆಚ್ಚಂದರೆ ಎರಡು ಬಾಕ್ಸ್ ಬಿಚ್ಚುವವರಿಗೆ ಸಾಕು. ಒಂದೇ ಒಂದು ಕಪ್ಲರಿನಿಂದ ಒಂದೇ ವೈರ್ ತೆಗೆಯಬೇಕು ಅನ್ನುವವರು ಮನೆಯಲ್ಲಿ ಮುರಿದ ಛತ್ರಿ ಇದೆಯಾ ನೋಡಿ.

ಮೊನ್ನೆ ಮೇಸ್ತ್ರಿ ಕಾಫಿಗೆ ಬಂದವರು ಬಾಕ್ಸ್ ನೋಡಿದರು. ಹೊಗಳಲಿಲ್ಲ, ಬೈಯಲೂ ಇಲ್ಲ, ಎರಡು ವೈರ್ ಎಳೆದು ನೋಡಿದರು. ಆಮೇಲೆ ಎರಡು ಕೊಂಬಿನ ಪೀಸನ್ನು ಬೆಳಕಿಗೆ ಹಿಡಿದು ಸುಮಾರು ಹೊತ್ತು ತಿರುಗಿಸಿದರು. "ಇಂಥದ್ದು ನಂಗೂ ಒಂದು ತರ್ಸಿ ಅಣ್ಣ" ಅಂದರು. ಬೇರೆಯವರ ಹತ್ತಿರ ಆರ್ಡರ್ ಹಾಕಿದ್ದೇನೆ. ಇದು 23 ಪೀಸಿನದಂತೆ, ಎಲ್ಲದಕ್ಕೂ ಹಿಡಿ ಇದೆಯಂತೆ. ಬುಧವಾರ ಬರುತ್ತದೆ, ಬಂದ ಕೂಡಲೇ ಮೊದಲು ಎಣಿಸುತ್ತೇನೆ.